ಕೆಂಚಿ ಬರೆದ ಬೂರುಗದ ಮರ

ಕೆಂಚಿ ಬರೆದ ಮರಗಳಿಗೆಲ್ಲ ನಡುವಿನಲ್ಲಿ ಒಂದು ಬಳ್ಳಿ ಯಾಕೆ ಸುತ್ತಿರುತ್ತದೆ? ಕೇಳದೆ ಸುಮ್ಮನಿರುವ ಜಾಯಮಾನ ನನ್ನದಲ್ಲ, ಕೇಳಿಯೇಬಿಟ್ಟೆ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಕೆಲವೇ ವರ್ಷವಾಗಿತ್ತು. ಅಮ್ಮತ್ತಿ ಹತ್ತಿರದ ಕಾಫಿ ಎಸ್ಟೇಟೊಂದರ ಪಕ್ಕದ ಶಾಲೆಗೆ ನಾನು ಟೀಚರ್. ಮೇಲಿನಿಂದ ಬಂದ ಚಿತ್ರಪುಸ್ತಕದಲ್ಲಿ ಹಡಗಿತ್ತು, ಒಂಟೆಯಿತ್ತು. ಕೂಲಿಯವರ ಸಾಲುಮನೆಗಳ, ಅಂದರೆ ಲೈನಿನ, ಮಕ್ಕಳು ಕಣ್ಣಾರೆ ಕಂಡದ್ದು ಒಂದೂ ಇರಲಿಲ್ಲ. ನನಗೆ ರೇಗಿತು. ಅದೇ ಎಸ್ಟೇಟಿನಲ್ಲಿ ಕಾಫಿಹಣ್ಣು ಪಿಕಿಂಗ್ ಮಾಡುತ್ತಿದ್ದ ಜೇನುಕುರುಬರ ಕೆಂಚಿ ಲೈನಿನ ಗೋಡೆಗೆ ಇದ್ದಿಲಿನಲ್ಲಿ ಕರಡಿ ಬರೆದದ್ದನ್ನು ನೋಡಿದ್ದೆ. ಕಾಗದ ಕೊಟ್ಟು, "ನಿನಗೆ ಗೊತ್ತಿರೋ ಕಾಡು ಬರಿ" ಎಂದೆ. ಅವಳು ಬರೆದಳು, ನಾನು ಹೊಲಿದು ಪುಸ್ತಕ ಮಾಡಿದೆ.

"ಬಳ್ಳಿ ಕಟ್ಟಿದ್ರೆ ಆ ಮರಕ್ಕೆ ಜನ ಇದ್ದಾರೆ ಅಂತ, ಟೀಚರೇ. ಬೇರೆಯವ್ರು ಮುಟ್ಟೂದಿಲ್ಲ. ಕಟ್ಟಿದವ್ರೇ ಬಿಚ್ಚಬೇಕು."

"ಮುಟ್ಟಿದ್ರೆ?"

"ಯಾಕೆ ಮುಟ್ತಾರೆ?" ಎಂದು ನನ್ನನ್ನೇ ವಿಚಿತ್ರವಾಗಿ ನೋಡಿದಳು.

ಕೊನೆಯ ಪುಟದ ಬೂರುಗದ ಮರಕ್ಕೆ ಮಾತ್ರ ಬಳ್ಳಿ ಇರಲಿಲ್ಲ. ಅದು ಎಸ್ಟೇಟಿನ ಅಂಚಿನಲ್ಲಿದ್ದ ನಿಜವಾದ ಮರ. ವರ್ಷವರ್ಷವೂ ಹೆಜ್ಜೇನು ಕೂರುತ್ತಿದ್ದ ಆ ಮರದಿಂದ ಕೆಂಚಿಯ ಅವ್ವ ಜೇನಿಳಿಸುತ್ತಿದ್ದಳಂತೆ. ಈಗ ಅದನ್ನು ಬೆಂಕಿಕಡ್ಡಿಗೆಂದು ಕಡಿಸಲು, ಕೂಲಿಗಳ ಲೆಕ್ಕ ಬರೆಯುವ ರೈಟರ್ ಉತ್ತಯ್ಯನವರಿಗೆ ಹುಕುಂ ಬಂದಿತ್ತು. ಮರ ಉಳಿಯಲಿ ಎಂದು ಕೆಂಚಿ ಒದ್ದಾಡುತ್ತಿದ್ದಳು. "ಎಸ್ಟೇಟಿನ ಅನ್ನ ತಿನ್ನೋಳು ನಾನು, ಹೆಂಗೆ ಕಟ್ಟಲಿ?"

ಪುಸ್ತಕ ನೋಡಿದ ಮಕ್ಕಳಿಗೆ ಆ ಅಂಜಿಕೆ ಎಲ್ಲಿಯದು? ಕೆಂಚಿಯ ಮಗಳು ಚಿನ್ನಿಯೇ ಮುಂದಾಳು. ಎಲ್ಲ ಹೋಗಿ ಬೂರುಗಕ್ಕೆ ಬಳ್ಳಿ ಸುತ್ತಿ ಬಂದವು. ಮರ ಕಡಿಯಲು ಬಂದವರೂ ಕುರುಬರೇ. ಬಳ್ಳಿ ನೋಡಿದರು, ಕೊಡಲಿ ಕೆಳಗಿಟ್ಟು ಎಲೆಯಡಿಕೆ ಹಾಕುತ್ತಾ ಕೂತರು.

"ಯಾರು ಕಟ್ಟಿದ್ದು? ಕೆಂಚಿ, ನೀನಾ?" ಉತ್ತಯ್ಯ ಗುಡುಗಿದರು. ಹೌದೆಂದರೆ ಅವಳು ಲೈನು ಬಿಡಬೇಕಿತ್ತು.

"ನಾವು ಕಟ್ಟಿದ್ದು," ಎಂದಳು ಚಿನ್ನಿ.

"ಬಿಚ್ಚಿ ಹಾಗಾದ್ರೆ!"

"ಜೇನು ಬಂದು ಹೋಗಲಿ, ಆಮೇಲೆ ಬಿಚ್ತೇವೆ ಸಾರ್."

ಕಡಿಯಲು ಬಂದವರು ಗೊಳ್ಳೆಂದು ನಕ್ಕರು. ನಾನೂ ನಕ್ಕೆ. ಉತ್ತಯ್ಯ ಮರವನ್ನು ಬುಡದಿಂದ ತುದಿಯವರೆಗೆ ನೋಡಿ, ಏನೋ ಗೊಣಗುತ್ತಾ ಹೋದರು. ಆ ವರ್ಷ ಹೆಜ್ಜೇನು ಬಂತು.

ಮರುವರ್ಷ ಎಸ್ಟೇಟಿನವರು ಘಟ್ಟದ ಕೆಳಗಿನಿಂದ ಮಲಯಾಳದ ಕೂಲಿಯವರನ್ನು ಸಂಸಾರ ಸಮೇತ ಕರೆಸಿದರು. ಮಕ್ಕಳು ಮತ್ತೆ ಬಳ್ಳಿ ಕಟ್ಟಿದ್ದರು. ಹೊಸ ಕೂಲಿಯವರ ಪಾಲಿಗೆ ಅದು ಬರೀ ಬಳ್ಳಿ. ಮಧ್ಯಾಹ್ನದೊಳಗೆ ಮರ ಮಲಗಿತು. ನನಗೆ ಸಿಟ್ಟಿನಲ್ಲಿ ಅಳುವೇ ಬಂತು.

ಸಂಜೆ ಕೆಂಚಿ ಶಾಲೆಗೆ ಬಂದಳು. ಅತ್ತು ಅತ್ತು ಅವಳ ಕಣ್ಣು ಊದಿತ್ತು.

"ಮರ ಕಡಿದವ್ರ ಮಕ್ಕಳನ್ನ ಸ್ಕೂಲಿಗೆ ಸೇರಿಸ್ಕೊಂಡ್ರಾ, ಟೀಚರೇ?"

ಬೈಯಲು ಬಂದಳೆಂದುಕೊಂಡೆ. "ಸೇರಿಸ್ಕೊಂಡೆ. ಆದ್ರೆ ಅವಕ್ಕೆ ಕನ್ನಡವೇ ಬರೂದಿಲ್ಲ ಕೆಂಚಿ."

"ಚಿತ್ರ ನೋಡ್ಲಿಕ್ಕೆ ಕನ್ನಡ ಯಾಕೆ?" ಎಂದು ಕೈಚಾಚಿದಳು. "ಕಾಗದ ಕೊಡಿ."