ಕಾವೇರಮ್ಮನೂ ಅವತಾರ ಅಲ್ವಾ?

ಕೊಡಗು ಇನ್ನೂ ಪ್ರತ್ಯೇಕ ರಾಜ್ಯವಾಗಿದ್ದ ಕಾಲ. ನಮ್ಮ ಮನೆ ಭಾಗಮಂಡಲದ ಹತ್ತಿರ. ನಾನಾಗ ಲಂಗ ತೊಡುತ್ತಿದ್ದ ಹುಡುಗಿ. ಅಪ್ಪನ ತಂಗಿ, ನನ್ನ ಅತ್ತೆ, ಮದುವೆಗೆ ಮೊದಲು ನಾಪೋಕ್ಲಿನಲ್ಲಿ ಟೀಚರಾಗಿದ್ದರು. ಸಿದ್ದಾಪುರದ ಕಡೆಯ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರೊಬ್ಬರು ಹೆಣ್ಣು ಕೇಳಿಕೊಂಡು ಬಂದಾಗ ಅತ್ತೆ ಹೇಳಿದ್ದು ಒಂದೇ ಮಾತು: ಪಾಠ ಹೇಳುವುದನ್ನು ಬಿಡಿಸಬಾರದು. ಅವರು, ಅಂದರೆ ಮುಂದೆ ನನ್ನ ಮಾವನಾದವರು, ಎಲ್ಲರೆದುರು ಒಪ್ಪಿದರು.

ಮದುವೆಯಾದ ಮೇಲೆ ಅತ್ತೆಗೆ ಅಲ್ಲಿನ ಶಾಲೆಯಲ್ಲೇ ಕೆಲಸ ಸಿಕ್ಕಿತು. ಆದರೆ ರೈಟರ ಹೆಂಡತಿ ದುಡಿಯುವುದೆಂದರೆ ಮರ್ಯಾದೆಗೇಡು ಎಂದು ಯಾರೋ ಮಾವನ ಕಿವಿ ಊದಿದರು. ಮಾವ ಅತ್ತೆಗೆ ತಿಳಿಸದೆ ಹೆಡ್‌ಮಾಸ್ತರರ ಬಳಿ ಹೋಗಿ, "ಅವಳು ಇನ್ನು ಬರೋದಿಲ್ಲ" ಎಂದುಬಿಟ್ಟರು. ಅತ್ತೆ ಶಾಲೆಗೆ ಹೋದರೆ ಅವರ ತರಗತಿಯಲ್ಲಿ ಬೇರೆಯವರು ನಿಂತಿದ್ದಾರೆ. ಅಲ್ಲಿಂದಲೇ ಬಸ್ಸು ಹತ್ತಿ ತವರಿಗೆ ಬಂದರು.

ಅದು ತುಲಾ ಸಂಕ್ರಮಣದ ಮರುದಿನ. ಸೌತೆಕಾಯಿಗೆ ಕೆಂಪು ರೇಷ್ಮೆ ಸುತ್ತಿ, ಒಡವೆ ತೊಡಿಸಿ, ಕಾವೇರಮ್ಮನೆಂದು ಮನೆಯಲ್ಲಿ ಪೂಜೆಗಿಟ್ಟಿದ್ದೆವು. ಅಜ್ಜಿ ಅತ್ತೆಯ ಕೈ ಹಿಡಿದು ಅತ್ತರು.

"ಸೀತಮ್ಮನ್ನ ನೆನೆಸ್ಕೋ ಮಗಾ. ಲಕ್ಷ್ಮಿಯೇ ಅವತಾರ ಎತ್ತಿ ಬಂದು ಗಂಡನ ಹಿಂದೆ ಕಾಡಿಗೆ ಹೋದಳು. ನಿಂಗೆ ಒಂದು ಕೆಲ್ಸ ಬಿಡ್ಲಿಕ್ಕೆ ಆಗಲ್ವಾ?"

ಅತ್ತೆ ಪೂಜೆಯ ಕಡೆ ತಿರುಗಿದರು. "ಅವ್ವಾ, ಕಾವೇರಮ್ಮನೂ ಅವತಾರ ಅಲ್ವಾ? ಬಿಟ್ಟುಹೋಗಲ್ಲ ಅಂತ ಮಾತು ಕೊಟ್ಟು ಮದುವೆಯಾದ ಋಷಿ ಅವಳೊಬ್ಬಳನ್ನೇ ಬಿಟ್ಟು ಹೋದಾಗ ಅವಳು ನೀರಾಗಿ ಹರಿದು ಹೋದಳು. ಅವಳ ಪಾದಕ್ಕೆ ಬೀಳ್ತೀರಿ. ನಾನು ಹಾಗೆ ಮಾಡಿದ್ರೆ ಅಳ್ತೀರಿ."

ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡರು. ಪ್ರತಿವರ್ಷ ನಮಗೆ ಕಾವೇರಮ್ಮನ ಆ ಕಥೆ ಹೇಳುತ್ತಿದ್ದ ಅಜ್ಜ ಜಗಲಿಯಿಂದ ಎದ್ದರು. ಕೊಡೆ ತೆಗೆದುಕೊಂಡು ಸಿದ್ದಾಪುರದ ಬಸ್ಸಿಗೆ ಹೊರಟರು.

ಮರುದಿನ ಅವರ ಜೊತೆ ಮಾವ ಬಂದರು. ಅಂಗಳದಲ್ಲೇ ನಿಂತು, "ನಂದು ತಪ್ಪಾಯ್ತು, ಮನೆಗೆ ಬಾ" ಎಂದರು. ಅತ್ತೆಯ ಕಣ್ಣು ತುಂಬಿತು. ಆದರೂ, "ಕೆಲ್ಸ ಸಿಕ್ಕಿದ ಮೇಲೆ ಬರ್ತೇನೆ" ಎಂದರು.

ಸಿದ್ದಾಪುರದ ಜಾಗ ಕೈತಪ್ಪಿತ್ತು. ನಾಪೋಕ್ಲಿನ ಹಳೆಯ ಶಾಲೆ ಅತ್ತೆಯನ್ನು ಮತ್ತೆ ಸೇರಿಸಿಕೊಂಡಿತು. ಶನಿವಾರ ಮಾವ ನಮ್ಮ ಮನೆಗೆ ಬರುತ್ತಿದ್ದರು. ಮೊದಮೊದಲು ತಲೆ ತಗ್ಗಿಸಿ ಉಂಡು ಹೋಗುತ್ತಿದ್ದವರು, ಬರಬರುತ್ತಾ ಅತ್ತೆಯ ಶಾಲೆಯ ಮಕ್ಕಳು ಏನು ಕಲಿತರೆಂದು ಕೇಳತೊಡಗಿದರು. ಮುಂದಿನ ವರ್ಷ ಸಿದ್ದಾಪುರದಲ್ಲಿ ಜಾಗ ಖಾಲಿಯಾದಾಗ ಆ ಸುದ್ದಿ ತಂದವರು ಅವರೇ. ಅತ್ತೆ ಗಂಡನ ಮನೆಗೆ ಹೋದರು, ನಿವೃತ್ತಿಯವರೆಗೂ ಪಾಠ ಹೇಳಿದರು.

ದೊಡ್ಡವಳಾದ ಮೇಲೆ ಒಮ್ಮೆ ಕೇಳಿದೆ: "ಅತ್ತೆ, ನಿಮಗೆ ಸೀತಮ್ಮನ ಮೇಲೆ ಕೋಪವಾ?"

"ಅವಳ ಮೇಲೆ ಯಾಕೆ ಕೋಪ? ಅವಳೂ ಕೊನೆಗೆ ಸಾಕು ಅಂತ ಭೂಮಿತಾಯಿ ಹತ್ರ ಹೋದಳಲ್ಲ. ಅವ್ವ ಕಥೆನ ಅಲ್ಲಿವರೆಗೆ ಹೇಳ್ತಿರ್ಲಿಲ್ಲ, ಅಷ್ಟೇ."

ದೇವರು ಮನುಷ್ಯರಾಗಿ ಬರುವುದು ನಮಗೆ ಬದುಕುವ ರೀತಿ ತೋರಿಸಲಿಕ್ಕೆ ಎಂದು ಅಜ್ಜ ಹೇಳುತ್ತಿದ್ದರು. ಯಾರ ಕಥೆಯನ್ನು ಯಾರಿಗೆ, ಎಲ್ಲಿಯವರೆಗೆ ಹೇಳಬೇಕು ಎಂಬುದನ್ನು ನಾನು ಈಗಲೂ ಯೋಚಿಸುತ್ತೇನೆ.