ನೀಲಿ ಗೋಡೆಯ ಮೇಲೆ ಜಂತಿಯ ಮಸಿ

ಭಾಲ್ಕಿಯಲ್ಲಿ ನಾವು ಕೊಂಡ ಹಳೇ ಮನೆಯ ಜಂತಿಗಳಿಗೆ ಎಷ್ಟು ಮಸಿ ಹಿಡಿದಿತ್ತೆಂದರೆ, ಕೆರೆದರೆ ಇಡೀ ಬೀದರ್ ಜಿಲ್ಲೆಯ ಕೂಸುಗಳಿಗೆ ಕಾಡಿಗೆ ಆಗುತ್ತಿತ್ತು. ಭಾನುವಾರ ಮನೆಪ್ರಾರ್ಥನೆ, ಪಾಸ್ಟರ್ ಬರುವವರಿದ್ದರು. ಖಟಕ ಚಿಂಚೋಳಿಯಿಂದ ದಿನಾ ಬಸ್ಸಿಗೆ ಬರುತ್ತಿದ್ದ ಪೇಂಟರ್ ಕಾಕಾ, ಬಣ್ಣ ತರಲು ಬೀದರಿಗೆ ಹೊರಟಾಗ ನನಗೆ ಮೂರು ಸಲ ಹೇಳಿದರು:

“ತಂಗೀ, ಮೊದಲ ಜಂತಿ ಝಾಡಸು. ಆಮ್ಯಾಗ ಗ್ವಾಡಿ ಕೆರಿ. ರಂಗ್ ಮುಟ್ಟಬ್ಯಾಡ. ಫರಸಿ ತೊಳ್ಯೂದು ಕಟ್ಟಕಡೀಕ.”

“ಎಲ್ಲಾ ಮೊಬೈಲ್‌ನ್ಯಾಗ ನೋಡೀನಿ ಕಾಕಾ, ನೀವು ಹೋಗ್ರಿ.”

ಅವರು ಹೋದದ್ದೇ ಪಾಠವನ್ನು ತಲೆಕೆಳಗು ಮಾಡಿದೆ. ಗೆಳತಿಯರಿಗೆ ವಿಡಿಯೊ ಕಳಿಸಬೇಕಿತ್ತು. ಮಸಿ ಝಾಡಿಸುವುದನ್ನು ಯಾರು ನೋಡುತ್ತಾರೆ? ಮೊದಲು ಫರಸಿಕಲ್ಲಿನ ನೆಲವನ್ನು ಮುಖ ಕಾಣುವಂತೆ ತೊಳೆದೆ. ಮಾದರಿಗೆಂದು ಕಾಕಾ ತಂದಿಟ್ಟಿದ್ದ ನೀಲಿ ಬಣ್ಣವನ್ನು ಹಳೇ ಸುಣ್ಣದ ಮೇಲೇ ಬಳಿದೆ. ಕೊನೆಗೆ, ಮರೆತ ಹೋಂವರ್ಕಿನಂತೆ, ಜಂತಿಗೆ ಪೊರಕೆ ಹಾಕಿದೆ. ಮಸಿ ಸುರಿದು ಹಸಿ ನೀಲಿಗೆ ಅಂಟಿತು. ಗೋಡೆ ಕೆಸರಲ್ಲಿ ಹೊರಳಿದ ಎಮ್ಮೆಯಾಯಿತು.

ಆಸ್ಪತ್ರೆ ಡ್ಯೂಟಿ ಮುಗಿಸಿ ಮಮ್ಮಿ ಬರುವಷ್ಟರಲ್ಲಿ ಬಣ್ಣವಾದ ನನ್ನ ದುಪಟ್ಟಾ ಟ್ರಂಕಿನ ತಳ ಸೇರಿತ್ತು, ಕೈಗಳು ಬೆನ್ನ ಹಿಂದೆ.

“ಕಾಕಾ ಹಿಂಗ ಮಾಡಿಟ್ಟ ಹೋದ್ರು,” ಎಂದೆ.

ಅಷ್ಟರಲ್ಲೇ ಬೀದರಿನಿಂದ ಮರಳಿದ ಕಾಕಾ ಹಿತ್ತಿಲ ಬಾಗಿಲಿಂದ ಬಂದರು, ಅಂದರೆ ನನ್ನ ಬೆನ್ನ ಹಿಂದಿನಿಂದ.

“ಯಾವುದು ಮೊದಲ, ಯಾವುದು ಆಮ್ಯಾಗ, ಇಷ್ಟೂ ತಿಳ್ಯಾಂಗಿಲ್ಲೇನ್ರಿ?” ಮಮ್ಮಿ ಅವರ ಮೇಲೆ ರೇಗಿದಳು.

ಅವರು ನನ್ನ ನೀಲಿ ಬೆರಳುಗಳನ್ನು ನೋಡಿದರು. “ಮತ್ತ ಮಾಡ್ತೇನ್ರಿ ಅಕ್ಕೋರ,” ಎಂದಷ್ಟೇ ಹೇಳಿ ಗೋಡೆ ಕೆರೆಯಲು ನಿಂತರು.

ಭಾನುವಾರ ಊಟಕ್ಕೆ ಕೂತಾಗ ಪಾಸ್ಟರ್ ಹೊಸ ಬಣ್ಣದ ಗೋಡೆ ಸವರಿ, ಬಾಗಿಲ ಬಳಿ ಉಣ್ಣುತ್ತಿದ್ದ ಕಾಕಾನ ಕಡೆ ನೋಡಿದರು. “ಚರ್ಚಿಗೂ ಇವರ ಕೈಲೇ ರಂಗ್ ಹಚ್ಚಸೋಣೇನ್ರಿ?”

“ಬ್ಯಾಡ್ರಿ,” ಮಮ್ಮಿ ದನಿ ತಗ್ಗಿಸಿದಳು. “ಇಲ್ಲೇ ಒಮ್ಮೆ ಎಲ್ಲಾ ಕೆಡಸ್ಯಾರ.”

ಕಾಕಾನ ಕೈ ತಾಟಿನಲ್ಲೇ ನಿಂತಿತು.

“ಕೆಡಿಸಿದ್ದು ನಾ,” ಎಂದೆ.

“ಏ, ಈಕಿ ಎಲ್ಲಾದ್ರಾಗೂ ನಂದೇ ನಂದೇ ಅಂತಾಳ್ರಿ!” ಪಪ್ಪಾ ಅಂದರು. ಎಲ್ಲರೂ ನಕ್ಕರು. ದಿನಾ ಜೋಕ್ ಹೊಡೆದು, ನಾನು ಬಾಯಿ ಬಿಟ್ಟರೆ ನಗುವುದನ್ನು ಅವರಿಗೆ ರೂಢಿ ಮಾಡಿಸಿದವಳೇ ನಾನು. ಕಾಕಾ ಮಾತ್ರ ತಾಟು ನೋಡುತ್ತಿದ್ದರು.

ಒಳಗೆ ಹೋಗಿ ಟ್ರಂಕ್ ತೆಗೆದೆ. ನೀಲಿ ಒಣಗಿ ದುಪಟ್ಟಾ ಹಪ್ಪಳದಂತೆ ಸೆಟೆದಿತ್ತು. ತಂದು ಎಲ್ಲರೆದುರು ಮಮ್ಮಿಯ ತೊಡೆಯ ಮೇಲಿಟ್ಟೆ. ನಗು ನಿಂತಿತು.

ಮಮ್ಮಿ ಎದ್ದು, ಕಾಕಾನ ತಾಟಿಗೆ ತಾನೇ ಅನ್ನ ಬಡಿಸಲು ಹೋದಳು. ನನ್ನ ಕಡೆ ನೋಡಲಿಲ್ಲ.