ಇಪ್ಪತ್ತೇಳು ಇಂಚಿನ ಹಠ

ತುಳಸಿಕಟ್ಟೆ ಇರಬೇಕಾದ ಬಾಲ್ಕನಿಯ ಮೂಲೆಯಲ್ಲಿ ನಮ್ಮ ಯಜಮಾನರು ಒಂದು ವಿಲಾಯತಿ ರೇಸ್ ಸೈಕಲ್ಲನ್ನು ಪ್ರತಿಷ್ಠಾಪಿಸಿದ್ದರು. ಅಹಮದಾಬಾದಿನ ನದಿದಂಡೆಯ ಭಾನುವಾರದ ಸಂತೆಯಲ್ಲಿ ಮನಸೋತು ಕೊಂಡದ್ದು; ಬ್ಯಾಂಕಿನ ವರ್ಗಾವಣೆಯ ಬೆನ್ನು ಹತ್ತಿ ವಡೋದರೆಗೆ ಹೋಗಿ ಮೆಟ್ಟಿಲ ಕೆಳಗೆ ತುಕ್ಕು ಹಿಡಿದು, ತೊಂಬತ್ತರ ದಶಕದ ನಡುವಿನಲ್ಲಿ ಸೂರತ್ತಿನ ಅಡಾಜಣ ಬಡಾವಣೆಗೆ ಬಂದು ನಮ್ಮ ಮೂರನೆಯ ಮಹಡಿ ಏರಿತ್ತು. ಇಷ್ಟೆಲ್ಲ ಪ್ರವಾಸವೂ ಲಾರಿಯ ಮೇಲೆಯೇ. ಕೊಂಡ ಮೇಲೆ ಅದು ಒಂದು ಗಜವೂ ಓಡಿದ್ದಿಲ್ಲ.

ದೀಪಾವಳಿಗೆ ಮುನ್ನ ಇಲ್ಲಿಯ ಹೆಂಗಸರು ಮನೆ ಜಾಡಿಸುವ ಪರಿಯನ್ನು ನೀವು ನೋಡಬೇಕು: ಕಪಾಟು, ಮಂಚ, ಗಂಡ, ಯಾವುದನ್ನೂ ಬಿಡದೆ ಎಬ್ಬಿಸಿ ಅಡಿ ಗುಡಿಸುತ್ತಾರೆ. ಕೆಳಮನೆಯ ಕೋಕಿಲಾಬೆನ್ ದಿನವೂ ಮೇಲೆ ನೋಡಿ, "ಭಾಭೀ, ಭಂಗಾರ್ ಕಾಢೋ!" ಎಂದು, ಗುಜರಿ ಸಾಮಾನು ಹೊರಹಾಕಲು ಹುರಿದುಂಬಿಸುತ್ತಿದ್ದಳು. ನಾನೂ ಟೊಂಕ ಕಟ್ಟಿದೆ.

"ರೀ, ಹಬ್ಬದೊಳಗ ಇದು ಓಡಬೇಕು. ಇಲ್ಲಾಂದ್ರ ಗುಜರಿಯವಗ ಕೊಟ್ಟಬಿಡ್ತೀನಿ."

"ಗಾಲಿ ಬದಲಿ ಮಾಡಿದ್ರ ಕುದುರಿ ಓಡಿಧಾಂಗ ಓಡ್ತದ, ನೋಡ್ತಿರು," ಎಂದರು.

ಮಂದಿಯ ಅರ್ಜಿಯಲ್ಲಿ ಒಂದು ಸೊನ್ನೆ ತಪ್ಪಿದರೆ ತಿರುಗಿಸಿ ಕಳಿಸುವ ಈ ಅಧಿಕಾರಿ, ಗಾಳಿಯಿಲ್ಲದೆ ಜೋತುಬಿದ್ದ ಟೈರಿಗೆ ನನ್ನ ಹೊಲಿಗೆಯ ಟೇಪು ಹಿಡಿದು ಇಪ್ಪತ್ತಾರು ಇಂಚು ಎಂದು ತೀರ್ಪಿತ್ತರು. ಅದು ಇಪ್ಪತ್ತೇಳರ ಗಾಲಿ. ಇಪ್ಪತ್ತಾರರ ಹೊಸ ಜೋಡಿ ತಂದು ಕೂರಿಸಿದಾಗ ಬ್ರೇಕಿನ ರಬ್ಬರು ರಿಮ್ಮನ್ನು ಮುಟ್ಟದೆ ಟೈರನ್ನು ಸವರುತ್ತಿತ್ತು. ತಪ್ಪು ಒಪ್ಪುವ ಜಾಯಮಾನ ಅವರದಲ್ಲ. ಕಬ್ಬಿಣದ ಪಟ್ಟಿಗೆ ತೂತು ಕೊರೆದು ಬ್ರೇಕನ್ನೇ ಕೆಳಗಿಳಿಸಿದರು. ನಮ್ಮ ಮದುವೆಯಲ್ಲಿ ಹಿರಿಯರೊಬ್ಬರು ಗಂಡಹೆಂಡಿರನ್ನು ಸಂಸಾರದ ಎರಡು ಚಕ್ರಗಳೆಂದು ಹೊಗಳಿದ್ದರು, ಅಳತೆಯ ಮಾತೆತ್ತಿರಲಿಲ್ಲ. ಅಳತೆ ತಪ್ಪಿದ ಮೇಲೆ ಪಟ್ಟಿ ಹೊಡೆದು ಹೊಂದಿಸುವುದಕ್ಕೇ ದಾಂಪತ್ಯವೆನ್ನುತ್ತಾರೇನೋ, ಯಾರಿಗೆ ಗೊತ್ತು!

ಹಬ್ಬಕ್ಕೆ ಎರಡು ದಿನವಿರುವಾಗ ಸೈಕಲ್ಲು ಅಂಗಳಕ್ಕಿಳಿಯಿತು. ಆರಡಿಯ ನಮ್ಮವರು ಏರಿದರು. ಮೊಣಕಾಲು ಹ್ಯಾಂಡಲ್ಲಿಗೆ ಬಡಿಯಿತು. ತಿರುವಿನಲ್ಲಿ, ಗಾಲಿ ಸಣ್ಣದಾಗಿ ತಗ್ಗಿದ್ದ ಪೆಡಲು ನೆಲಕ್ಕೆ ತಾಗಿ, ಅವರು ಕೋಕಿಲಾಬೆನ್ನಳ ರಂಗೋಲಿಯ ಮೇಲೆ ಸಾಷ್ಟಾಂಗ ಎರಗಿದರು. ಎದ್ದವರ ಅಂಗಿಯ ಮೇಲೆ ನವಿಲು ಅಚ್ಚೊತ್ತಿತ್ತು. ನಕ್ಕು ನಕ್ಕು ನನ್ನ ಹೊಟ್ಟೆ ಹುಣ್ಣಾಯಿತು.

"ಕೊಟ್ಟಬಿಡು," ಎಂದರು ಸಣ್ಣ ದನಿಯಲ್ಲಿ. ನಗೆ ನಿಂತು, ನನಗೆ ನಿಜಕ್ಕೂ ಕೆಡುಕೆನಿಸಿತು.

ಅಷ್ಟರಲ್ಲೇ ಗುಜರಿಯವನು ತಕ್ಕಡಿ ಹಿಡಿದು ಬಂದ. ಅವನ ಕೈಗೆ ಕೊಡಲೆಂದು ಸೈಕಲ್ಲು ಹಿಡಿದವಳು, ಯಾಕೋ ಏನೋ, ಸಲ್ವಾರಿನ ಕಾಲೆತ್ತಿ ಅಡ್ಡದಂಡೆ ದಾಟಿಸಿ ಕೂತೇಬಿಟ್ಟೆ. ಧಾರವಾಡದಲ್ಲಿ ಅಣ್ಣನ ಎತ್ತರದ ಸೈಕಲ್ಲಿನ ದಂಡೆಯಡಿ ಕಾಲು ತೂರಿಸಿ, ಒಳಪೆಡಲು ಹೊಡೆದು ಕಲಿತವಳು ನಾನು. ಸೀಟಿನ ಮೇಲೆ ಕೂತು ನೆಲ ಮುಟ್ಟಿದ್ದೇ ಇಲ್ಲ. ಇಂದು, ಸಣ್ಣ ಗಾಲಿಯ ದಯೆಯಿಂದ, ಎರಡೂ ಕಾಲ ಬೆರಳು ನೆಲಕ್ಕೆ ತಾಗಿದವು. ಒಂದು ತಳ್ಳು ತಳ್ಳಿದೆ. ಗೇಟು ದಾಟಿದೆ. ಬೀದಿಯ ಕೊನೆಯವರೆಗೆ ಹೋಗಿ, ಎದೆ ತುಂಬಿ, ಏನನ್ನೂ ಕೆಡವದೆ ತಿರುಗಿ ಬಂದೆ. ಬ್ರೇಕು ಕೂಡ ಹಿಡಿಯಿತು.

"ಓಡ್ತು!" ನಮ್ಮವರು ನವಿಲಿನ ಸಮೇತ ಕುಣಿದರು. "ಈಗರೆ ನನ್ನ ಸೈಕಲ್ ಉಳೀತಲಾ?"

"ಸೈಕಲ್ ಉಳೀತು," ಎಂದೆ, ಇಳಿಯದೆ. "ನಿಮಗೊಂದು ಬೇಕಂದ್ರ ಬ್ಯಾರೆ ನೋಡಿಕೊಳ್ರಿ."